ಸೆಲ್ವಿಯ ನೋಟ್‌ಬುಕ್ಕಿನ ಒಂದು ಹಾಳೆ

ಕಳೆದ ತಿಂಗಳು ನಾನು ಒಬ್ಬ ಹೆಂಗಸಿನ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತುಕೊಂಡೆ. ಹೇಳದೆ, ಕೇಳದೆ. ಆಕೆ ಆ ನೋಟ್‌ಬುಕ್ ಹುಡುಕಿಕೊಂಡು ನನ್ನ ಅಂಗಡಿಗೆ ಬಂದು ನಿಂತಾಗ, ಹಾಳೆ ನಮ್ಮ ಮನೆಯ ಗೋಡೆಯ ಮೇಲೆ ಗಾಜಿನ ಹಿಂದೆ ಕೂತು ಹದಿನೈದು ದಿನವಾಗಿತ್ತು.

ಆಕೆಗೆ ನಾನು ಏನು ಹೇಳಿದೆ ಗೊತ್ತೇ? ‘ನೋಡೋಣಮ್ಮ’ ಎಂದೆ.

ಹತ್ತು ವಾರದಿಂದ ಪತ್ರಿಕೆಯ ಈ ಜಾಗದಲ್ಲಿ ನಾನು ಬರೆದಿಲ್ಲ. ಕೆಲವರು ಫೋನ್ ಮಾಡಿ ವಿಚಾರಿಸಿದಿರಿ. ಹುಷಾರಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ನಿಜ ಇಷ್ಟೇ: ನನ್ನ ಅಕ್ಕ ತೀರಿಕೊಂಡಳು.

ಹೊಸಬರಿಗೆ ಒಂದೆರಡು ಮಾತು. ನನ್ನದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಓದಿದ್ದು ಪಿಯುಸಿವರೆಗೆ, ಅದರಲ್ಲೂ ಇಂಗ್ಲಿಷಿನಲ್ಲಿ ಡುಮ್ಕಿ. (ನಮ್ಮ ಮನೆಗೆ ಬರಬೇಕಾದ ಇಂಗ್ಲಿಷನ್ನೆಲ್ಲ ಅಕ್ಕನೇ ಬಾಚಿಕೊಂಡಿದ್ದಳು.) ಗಿರಿಜಕ್ಕ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದಳು. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೂ ಊರು ಬಿಡಲಿಲ್ಲ. ಹಳೇನಗರದ ಬಾಡಿಗೆ ಮನೆಯ ಹಾಲಿನಲ್ಲಿ ಟ್ಯೂಷನ್ ಶುರು ಮಾಡಿದಳು. ಮಕ್ಕಳಿಗಲ್ಲ, ದೊಡ್ಡವರಿಗೆ. ಹತ್ತನೇ ಕ್ಲಾಸಿನ ಇಂಗ್ಲಿಷ್ ಒಂದರಲ್ಲೇ ಸಿಕ್ಕಿಹಾಕಿಕೊಂಡು ಇಪ್ಪತ್ತು ವರ್ಷವಾದವರು ಅಲ್ಲಿಗೆ ಬರುತ್ತಿದ್ದರು. ಗ್ಯಾರೇಜಿನವರು, ಗಾರ್ಮೆಂಟ್ಸಿನ ಹೆಂಗಸರು, ಒಬ್ಬ ಬಸ್ ಕಂಡಕ್ಟರ್.

ಅಕ್ಕನದ್ದು ಒಂದು ಕ್ರಮ ಇತ್ತು. ನೋಟ್ಸ್ ಹೇಳಿ ಬರೆಸುತ್ತಿರಲಿಲ್ಲ. ಒಬ್ಬೊಬ್ಬರ ನೋಟ್‌ಬುಕ್ಕಿನಲ್ಲೂ ಎಡಗಡೆಯ ಪುಟದಲ್ಲಿ ಹತ್ತು ವಾಕ್ಯಗಳನ್ನು ತಾನೇ ಇಂಕ್ ಪೆನ್ನಿನಲ್ಲಿ ಬರೆದುಕೊಡುತ್ತಿದ್ದಳು. ಅವರು ಬಲಗಡೆಯ ಪುಟದಲ್ಲಿ ಉತ್ತರ ಬರೆಯಬೇಕು. ತಿದ್ದುವುದು ಮಾತ್ರ ಪೆನ್ಸಿಲಿನಲ್ಲಿ. ಕೆಂಪು ಇಂಕು ಯಾಕಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

“ತಪ್ಪು ಇವತ್ತಿಂದು ಕಣೋ. ನಾಳೆ ಅವರು ಸರಿ ಬರೀತಾರೆ. ಆಗ ಅಳಿಸ್ಕೋಬೇಕಲ್ಲ?” ಎಂದಿದ್ದಳು.

ಅವಳ ವಿದ್ಯಾರ್ಥಿಗಳು ಎಲ್ಲದರಲ್ಲೂ ಎದ್ದು ನಿಂತರೂ ಒಂದು ಪಾಠದಲ್ಲಿ ಸಾಲಾಗಿ ಬೀಳುತ್ತಿದ್ದರಂತೆ. ಇಂಗ್ಲಿಷಿನಲ್ಲಿ ‘ಇಲ್ಲ’ ಹೇಳುವ ಪಾಠ. ನಾಟ್, ನೆವರ್, ನೋಬಡಿ, ನಥಿಂಗ್, ಹಾರ್ಡ್ಲಿ. ಒಂದು ಹಾಕುವ ಕಡೆ ಎರಡು ಹಾಕುತ್ತಾರೆ. ‘ಐ ಡೋಂಟ್ ನೋ ನಥಿಂಗ್’ ಎಂದು ಬರೆಯುತ್ತಾರೆ. ತಪ್ಪು ಅವರದ್ದಲ್ಲ, ನಾವು ಮಾತಾಡುವ ರೀತಿಯೇ ಹಾಗಿದೆ ಎಂದು ಅಕ್ಕ ಹೇಳುತ್ತಿದ್ದಳು. ‘ನನಗೆ ಏನೂ ಗೊತ್ತಿಲ್ಲ’, ‘ಯಾರೂ ಬರಲಿಲ್ಲ’ ಎನ್ನುವಾಗ ನಮಗೆ ‘ಏನೂ’ ಎಂದ ಮೇಲೂ ‘ಇಲ್ಲ’ ಬೇಕೇ ಬೇಕು. ಇಂಗ್ಲಿಷಿನಲ್ಲಿ ‘ನೋಬಡಿ’ ಎಂದರೆ ಮುಗಿಯಿತು. ಮತ್ತೆ ‘ನಾಟ್’ ಸೇರಿಸಿದರೆ ಕೆಟ್ಟಿತು.

ಇನ್ನೊಂದು ಮಾತನ್ನೂ ಹೇಳುತ್ತಿದ್ದಳು. ಇಂಗ್ಲಿಷಿನವರು ‘ಇಲ್ಲ’ವನ್ನು ಮೊದಲೇ ಹೇಳಿಬಿಡುತ್ತಾರೆ. ನಾವು ಕೊನೆಗೆ ಇಡುತ್ತೇವೆ. ವಾಕ್ಯ ಮುಗಿಯುವವರೆಗೂ ಕೇಳುವವನಿಗೆ ಆಸೆ ಇರುತ್ತದೆ.

ಆ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹಾಲು ಹಾಕುವ ಹೆಂಗಸು ಫೋನ್ ಮಾಡಿದಾಗ ನನಗೆ ಇದೇ ನೆನಪಾಯಿತು. “ಸಾರ್, ಮೇಡಂ ಬಾಗಿಲು ಬಡಿದ್ರೆ ತೆಗೀತಾ...” ಎಂದು ಆಕೆ ಉಸಿರು ಎಳೆದುಕೊಂಡಳು. ಎಷ್ಟು ಹೊತ್ತು? ಎರಡು ಸೆಕೆಂಡು ಇರಬಹುದು. ಆ ಎರಡು ಸೆಕೆಂಡು ನನ್ನ ಅಕ್ಕ ಬಾಗಿಲು ತೆಗೆಯುತ್ತಲೇ ಇದ್ದಳು.

ನಿದ್ದೆಯಲ್ಲೇ ಹೋಗಿದ್ದಳು. ಹೃದಯ ಎಂದರು ಡಾಕ್ಟರು.

ಶಿವಮೊಗ್ಗದಿಂದ ಭದ್ರಾವತಿಗೆ ಎಷ್ಟು ದೂರ? ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪ್ರತಿ ಶುಕ್ರವಾರ ಅಕ್ಕ ಫೋನ್ ಮಾಡುತ್ತಿದ್ದಳು.

“ಭಾನುವಾರ ಬರ್ತೀಯೇನೋ?”

“ನೋಡೋಣ ಅಕ್ಕ.”

“ನೋಡೋಣ ಅಂದ್ರೆ ನೋ ಅಂತ ಬರ್ಕೋತೀನಿ ಮಾರಾಯ. ಅಕ್ಕಿ ನೆನೆಹಾಕೋದೋ ಬೇಡ್ವೋ, ಅಷ್ಟು ಹೇಳು.”

ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ‘ಆಗಲ್ಲ’ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಯಾರಿಗೆ ಬರುತ್ತದೆ ಹೇಳಿ? ಪಕ್ಕದ ಮನೆಯವರು ಮದುವೆಗೆ ಕರೆದರೆ ನೋಡೋಣ. ಗಿರಾಕಿ ನಾಳೆಗೇ ಫ್ರೇಮ್ ಬೇಕೆಂದರೆ ನೋಡೋಣ. ನಮ್ಮ ತಾಯಿ ಡಬ್ಬದಲ್ಲಿ ಅಕ್ಕಿ ಮುಗಿದರೂ ‘ಇಲ್ಲ’ ಎನ್ನಲು ಬಿಡುತ್ತಿರಲಿಲ್ಲ, ‘ಅಕ್ಕಿ ತುಂಬಿದೆ’ ಎನ್ನಬೇಕಿತ್ತು. ನನ್ನ ಅಂಗಡಿಗೆ ಸತ್ತವರ ಫೋಟೋ ತರುವವರೂ ‘ಸತ್ತರು’ ಎನ್ನುವುದಿಲ್ಲ. ‘ಹಾರ ಹಾಕೋ ಸೈಜಿಗೆ ಮಾಡಿಕೊಡಿ’ ಎನ್ನುತ್ತಾರೆ. ನಾನೂ ಕೇಳುವುದಿಲ್ಲ. ಸೈಜು ತಿಳಿದರೆ ವಿಷಯ ತಿಳಿದ ಹಾಗೆ.

ಅಕ್ಕನ ಫೋಟೋವನ್ನೂ ಅದೇ ಸೈಜಿಗೆ ಮಾಡಿದೆ. ಅಳತೆ ತಪ್ಪಲಿಲ್ಲ. ಆಶ್ಚರ್ಯವಾಯಿತು. ಮೂವತ್ತು ವರ್ಷದ ಅಭ್ಯಾಸ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

ಅಳತೆ ತಪ್ಪಿದ್ದು ಮನೆ ಖಾಲಿ ಮಾಡುವ ದಿನ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದರು. ಒಂದು ಉಳಿದಿತ್ತು. ಅಕ್ಕನ ಮೇಜಿನ ಮೇಲೆ, ಅವಳ ಕನ್ನಡಕದ ಕೆಳಗೆ. ಹೊದಿಕೆಯ ಮೇಲೆ ‘ಸೆಲ್ವಿ’ ಎಂದು ಹೆಸರಿತ್ತು. ತೆರೆದೆ. ಕೊನೆಯ ಪಾಠ. ಎಡಗಡೆ ಅಕ್ಕನ ನೀಲಿ ಇಂಕಿನ ಹತ್ತು ವಾಕ್ಯ. ಬಲಗಡೆ ಸೆಲ್ವಿಯ ಹತ್ತು ಉತ್ತರ. ಪೆನ್ಸಿಲು ಆರನೆಯದರವರೆಗೆ ಬಂದು ನಿಂತಿತ್ತು.

ಮೂರನೆಯ ವಾಕ್ಯವನ್ನು ನನ್ನ ಇಂಗ್ಲಿಷಿನಲ್ಲೂ ಓದಬಹುದಿತ್ತು. ‘ಮೈ ಬ್ರದರ್ ಕಮ್ಸ್ ಎವ್ರಿ ಸಂಡೇ.’ ನನ್ನ ತಮ್ಮ ಪ್ರತಿ ಭಾನುವಾರ ಬರುತ್ತಾನೆ.

ಅದನ್ನು ‘ಇಲ್ಲ’ ಮಾಡಬೇಕು. ಪಾಠವೇ ಅದು. ಸೆಲ್ವಿ ಬಲಗಡೆ ಬರೆದಿದ್ದಳು: ‘ಮೈ ಬ್ರದರ್ ನೆವರ್ ಕಮ್ಸ್ ಆನ್ ಸಂಡೇ.’ ಅದರ ಪಕ್ಕದಲ್ಲಿ ಅಕ್ಕ ಪೆನ್ಸಿಲಿನಲ್ಲಿ ಒಂದೇ ಮಾತು ಬರೆದಿದ್ದಳು. ‘ಸರಿ.’

ಖಾಲಿ ಮನೆಯಲ್ಲಿ ನಾನು ನೆಲದ ಮೇಲೆ ಕೂತುಬಿಟ್ಟೆ.

ಹೋಗುವ ಹಿಂದಿನ ಸಂಜೆ ಅವಳು ನನ್ನ ಬಗ್ಗೆ ಬರೆದಿದ್ದಾಳೆ. ನಾನು ಬರುತ್ತೇನೆ ಎಂದು ಬರೆದಿದ್ದಾಳೆ. ಬರುವುದಿಲ್ಲ ಎಂಬುದು ಸರಿ ಎಂದೂ ಬರೆದಿದ್ದಾಳೆ. ಇನ್ನೇನು ಬೇಕು? ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮಾರನೆಯ ದಿನ ಅಂಗಡಿಯಲ್ಲಿ, ಬ್ಲೇಡು ಹಿಡಿದು, ಅಕ್ಕನ ಅಕ್ಷರ ಇದ್ದ ಎಡಗಡೆಯ ಹಾಳೆಯನ್ನು ಕೊಯ್ದು ತೆಗೆದೆ. ಮೈದಾ ಅಂಟು ಕಾಯಿಸಿ, ಹಾಳೆಯ ಬೆನ್ನಿಗೆ ಹಚ್ಚಿ, ರಟ್ಟಿಗೆ ಅಂಟಿಸಿದೆ. ಗಾಜು ಹಾಕಿದೆ. ತೇಗದ ಫ್ರೇಮು, ನನ್ನಲ್ಲಿರುವುದರಲ್ಲೇ ಒಳ್ಳೆಯದು.

ನಾವು ಫ್ರೇಮಿನವರು ಯಾವ ಕಾಗದದ ಬೆನ್ನನ್ನೂ ನೋಡುವುದಿಲ್ಲ. ನಮಗೆ ಮುಖ ಮುಖ್ಯ. ಬೆನ್ನು ಅಂಟು ಹಚ್ಚುವುದಕ್ಕೆ.

ಆಮೇಲೆ ಸೆಲ್ವಿ ಬಂದಳು.

“ಅಣ್ಣ, ನಾನು ಸೆಲ್ವಿ. ಮೇಡಂ ಹತ್ರ ಬರ್ತಿದ್ನಲ್ಲ, ಅಂಗನವಾಡಿ ಸೆಲ್ವಿ.”

“ಬಾರಮ್ಮ. ಕೂತ್ಕೋ.”

“ಕೂರಕ್ಕೆ ಟೈಮಿಲ್ಲ ಅಣ್ಣ. ಅರ್ಧ ದಿನಕ್ಕೆ ಟೀಚರಿಗೆ ಹೇಳಿ ಬಂದಿದೀನಿ. ಕಾರ್ಯದ ದಿನ ನಮ್ಮತ್ತೇನ ಆಸ್ಪತ್ರೆಗೆ ಸೇರಿಸಿದ್ವಿ, ಬರಕ್ಕಾಗ್ಲಿಲ್ಲ. ನನ್ನ ನೋಟ್‌ಬುಕ್ ನಿಮ್ಮ ಹತ್ರ ಇದೆಯಂತಲ್ಲ?”

ನಲವತ್ತರ ಹತ್ತಿರದ ಹೆಂಗಸು. ಅಂಗನವಾಡಿಯಲ್ಲಿ ಸಹಾಯಕಿ. ಹತ್ತನೇ ಕ್ಲಾಸು ಪಾಸಾದರೆ ಬಡ್ತಿಗೆ ಅರ್ಜಿ ಹಾಕಬಹುದು. ಇಂಗ್ಲಿಷಿನಲ್ಲಿ ಮೂರು ಸಲ ಹೋಗಿದೆ. ಪೂರಕ ಪರೀಕ್ಷೆಗೆ ಇನ್ನು ಇಪ್ಪತ್ತೇ ದಿನ. ಇದನ್ನೆಲ್ಲ ನಿಂತಲ್ಲೇ ಹೇಳಿದಳು.

“ಸಾಮಾನೆಲ್ಲ ಇನ್ನೂ ಮೂಟೆಯಲ್ಲಿದೆ. ನೋಡೋಣಮ್ಮ” ಎಂದೆ. “ಅಷ್ಟರಲ್ಲಿ ಒಂದು ಗೈಡ್ ತಗೋಬಹುದಲ್ಲ?”

ಅವಳು ನಕ್ಕಳು. “ಗೈಡ್ ಓದಿನೇ ಅಲ್ವಾ ಅಣ್ಣ ಮೂರು ಸಲ ಹೋಗಿದ್ದು? ಮೇಡಂ ಬರ್ಕೊಟ್ಟಿದ್ದು ಬೇಕು. ಆ ನೆಗೆಟಿವ್ ಪಾಠ ಒಂದು ನನ್ನ ತಲೆಗೆ ಹೋಗಲ್ಲ ಅಂತ ಬೀಗದ ಚಿತ್ರ ಎಲ್ಲ ಬರೆದು ಹೇಳ್ಕೊಟ್ಟಿದ್ರು. ಬುಧವಾರ ಬರ್ಲಾ?”

“ನೋಡೋಣ.”

ಬುಧವಾರ ಬಂದಳು. ನಾನು ಒಳಕೋಣೆಗೆ ಸರಿದು, ಅವತ್ತು ಅಂಗಡಿಯಲ್ಲಿದ್ದ ನನ್ನ ಹೆಂಡತಿ ಮಂಗಳಾಗೆ ಸನ್ನೆ ಮಾಡಿದೆ. ಅವಳು ‘ಅವರು ಹೊರಗೆ ಹೋಗಿದಾರಮ್ಮ’ ಎಂದು ಹೇಳಿ ಕಳಿಸಿದಳು. ಕಳಿಸಿ, ಒಳಗೆ ಬಂದು ನಿಂತಳು.

“ಅಲ್ಲ ಕಣ್ರೀ, ಆ ಹೆಂಗಸು ಈ ಬಿಸಿಲಲ್ಲಿ ಎರಡು ಬಸ್ಸು ಹತ್ತಿ ಬಂದಿತ್ತು. ನೀವಿಲ್ಲಿ ಕೂತು ಒರೆಸಿದ ಗಾಜನ್ನೇ ಒರೆಸ್ತಿದೀರಿ.”

“ಅಕ್ಕನ ಕೊನೇ ಅಕ್ಷರ ಅದು.”

“ಇರಬಹುದು. ಪುಸ್ತಕ ಅವಳದ್ದು.”

ನಾನು ಗಾಜಿನ ಮೇಲೆ ಮತ್ತೆ ಬಟ್ಟೆ ಆಡಿಸಿದೆ.

“ಒಂದು ಕೆಲಸ ಮಾಡಿ. ಅವಳು ಫೇಲಾದ ಮೇಲೆ ಮಾರ್ಕ್ಸ್ ಕಾರ್ಡ್ ತಂದ್ಕೊಡ್ತಾಳೆ. ಅದಕ್ಕೂ ಒಂದು ಫ್ರೇಮ್ ಹಾಕಿ ಪಕ್ಕದಲ್ಲೇ ನೇತಾಕಿ” ಎಂದು ಹೇಳಿ ಮಂಗಳಾ ಊಟದ ಡಬ್ಬಿ ತೊಳೆಯಲು ಹೋದಳು.

ಅವತ್ತು ಸಂಜೆ ನೋಟ್‌ಬುಕ್ ತೆರೆದು ನೋಡಿದೆ. ನಾನು ಕೊಯ್ದ ಜಾಗದ ಹಿಂದಿನ ಪಾಠದಲ್ಲಿ ಎಡಗಡೆಯ ಪ್ರಶ್ನೆಗಳು ಮಾತ್ರ ಇದ್ದವು. ಉತ್ತರದ ಪುಟ ಇರಲಿಲ್ಲ. ಎಲ್ಲಿರುತ್ತದೆ? ನಾನು ಅಂಟು ಹಚ್ಚಿದ ಬೆನ್ನು ಅದೇ. ಸೆಲ್ವಿಯ ಉತ್ತರಗಳು, ಅಕ್ಕನ ಪೆನ್ಸಿಲು, ಬೀಗದ ಚಿತ್ರ, ಎಲ್ಲ ಮೈದಾ ಅಂಟಿನ ಕೆಳಗೆ.

ಭಾನುವಾರ ಫ್ರೇಮನ್ನು ಟವೆಲಿನಲ್ಲಿ ಸುತ್ತಿ, ನೋಟ್‌ಬುಕ್ ಜೊತೆಗೆ ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. (ಅಕ್ಕ ಇದ್ದಾಗ ಇಷ್ಟು ಸುಲಭವಾಗಿ ಹತ್ತಿದ್ದರೆ? ಈ ಪ್ರಶ್ನೆಯನ್ನು ನೀವು ಕೇಳುವ ಮೊದಲೇ ಮಂಗಳಾ ಕಣ್ಣಿನಲ್ಲೇ ಕೇಳಿಯಾಗಿತ್ತು.)

ಸೆಲ್ವಿಯ ಮನೆ ಕಾರ್ಖಾನೆ ಕ್ವಾರ್ಟರ್ಸ್ ದಾಟಿದ ಮೇಲೆ ಬರುವ ಸಾಲುಮನೆಗಳಲ್ಲಿ ಒಂದು. ಬಾಗಿಲಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದಳು. ನನ್ನನ್ನು ನೋಡಿ ಮೊರ ಬದಿಗಿಟ್ಟು ಎದ್ದಳು. ಕುರ್ಚಿ ಎಳೆದಳು. ಟೀಗೆ ಇಡಲು ಹೊರಟವಳನ್ನು ತಡೆದು ಎಲ್ಲವನ್ನೂ ಹೇಳಿದೆ. ಕಿತ್ತದ್ದು, ಅಂಟಿಸಿದ್ದು, ಬುಧವಾರ ಒಳಗೇ ಇದ್ದದ್ದು.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಟವೆಲು ಬಿಚ್ಚಿ ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದಳು. ಸೆರಗಿನಿಂದ ಗಾಜಿನ ಅಂಚು ಒರೆಸಿದಳು.

“ಎಷ್ಟು ಚೆನ್ನಾಗಿ ಮಾಡಿದೀರಿ ಅಣ್ಣ. ಮೇಡಂ ಅಕ್ಷರ ಫೋಟೋ ಥರ ಕಾಣುತ್ತೆ.”

“ಹಿಂದಗಡೆ ನಿನ್ನ ಉತ್ತರ ಇದೆಯಲ್ಲಮ್ಮ?”

“ಇದೆ. ಬೀಗದ ಪಾಠ.” ಫ್ರೇಮನ್ನು ಮಗುಚಿ ರಟ್ಟಿನ ಬೆನ್ನನ್ನು ಒಮ್ಮೆ ನೋಡಿದಳು. “ಇರ್ಲಿ ಬಿಡಿ. ನೀವೇ ಇಟ್ಕೊಳಿ. ನಂಗೆ ಬೇಡ.”

ಬಾಯಿ ಹಾಗೆಂದಿತು. ಕೈ ಫ್ರೇಮನ್ನು ಬಿಡಲಿಲ್ಲ.

ಮೈದಾ ಅಂಟಿಗೆ ಒಂದು ಗುಣ ಇದೆ. ನೀರು ಕುಡಿಸಿದರೆ ಬಿಡುತ್ತದೆ. ಅದಕ್ಕೆಂದೇ ನಮ್ಮ ತಂದೆ ಅದನ್ನು ಬಿಟ್ಟು ಬೇರೆ ಅಂಟು ಮುಟ್ಟುತ್ತಿರಲಿಲ್ಲ. ಆದರೆ ಹಾಳೆ ಪೂರ್ತಿ ನೆನೆಯಬೇಕು. ಸೆಲ್ವಿ ಬರೆದದ್ದು ಬಾಲ್ ಪೆನ್ನಿನಲ್ಲಿ, ಅದಕ್ಕೆ ಏನೂ ಆಗುವುದಿಲ್ಲ. ಪೆನ್ಸಿಲಿಗೂ ಏನೂ ಆಗುವುದಿಲ್ಲ. ಇಂಕ್ ಪೆನ್ನಿನ ಅಕ್ಷರ ಮಾತ್ರ ಹೋಗುತ್ತದೆ. ಬೆನ್ನು ಉಳಿಸಿದರೆ ಮುಖ ಹೋಗುತ್ತದೆ.

ಇದನ್ನು ಹೇಳಿದೆ. ಸೆಲ್ವಿ ಬೇಡ ಬೇಡ ಎಂದಳು. ನಾನು ಒಂದು ತಟ್ಟೆ ಮತ್ತು ನೀರು ಕೇಳಿದೆ. ಅವಳು ಮತ್ತೆ ಬೇಡ ಎಂದಳು. ಕೊನೆಗೆ, “ಹಂಗಾದ್ರೆ ಮೊದ್ಲು ಫೋನಲ್ಲಿ ಫೋಟೋ ಹೊಡ್ಕೊಳಿ. ಆಮೇಲೆ ನೀರು ಕೊಡ್ತೀನಿ” ಎಂದು ಹಟ ಹಿಡಿದಳು. ತೆಗೆದೆ. ಅದು ಫೋನಿನಲ್ಲಿದೆ. ಇನ್ನೂ ತೆರೆದು ನೋಡಿಲ್ಲ.

ಫ್ರೇಮಿನ ಮೊಳೆ ಕಿತ್ತು, ಗಾಜು ಸರಿಸಿ, ರಟ್ಟನ್ನು ತಟ್ಟೆಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ ಹಾಸಿದೆ. ಹತ್ತು ನಿಮಿಷ ಹಾಗೇ ಬಿಟ್ಟೆ. ಬಟ್ಟೆ ನೀಲಿಯಾಯಿತು. ಎತ್ತಿದಾಗ ಮೂರನೆಯ ಸಾಲಿನಲ್ಲಿ ‘ಮೈ’ ಎಂಬುದು ಅರ್ಧ ಉಳಿದಿತ್ತು. ನೋಡನೋಡುತ್ತ ಅದೂ ಹರಡಿಕೊಂಡಿತು. ಹಾಳೆಯ ಮೂಲೆಗೆ ಉಗುರು ಕೊಟ್ಟು, ಅಂಗುಲ ಅಂಗುಲವಾಗಿ ಎಬ್ಬಿಸಿದೆ. ಹರಿಯಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಜೋಪಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಮಗುಚಿ ಹಾಕಿದೆ. ಸೆಲ್ವಿಯ ದುಂಡು ಅಕ್ಷರಗಳು ಹಾಗೇ ಇದ್ದವು. ನಡುವೆ ಅಕ್ಕನ ಪೆನ್ಸಿಲು. ಕೆಳಗೆ ಒಂದು ಬಾಗಿಲಿನ ಚಿತ್ರ, ಅದಕ್ಕೆ ಒಂದು ಬೀಗ, ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲು. ‘ಒಂದು ವಾಕ್ಯಕ್ಕೆ ಒಂದೇ ಬೀಗ. ನೋಬಡಿ, ನೆವರ್, ಹಾರ್ಡ್ಲಿ ಇವೆಲ್ಲ ಬೀಗಗಳೇ. ಇವು ಬಿದ್ದ ಮೇಲೆ ನಾಟ್ ಎಂಬ ಬೀಗ ಹಾಕಬೇಡ.’

ಸೆಲ್ವಿ ಅದನ್ನು ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ತಟ್ಟೆಯ ನೀರನ್ನು ನೋಡುತ್ತಿದ್ದೆ. ತಿಳಿ ನೀಲಿ. ಯಾಕೋ ಹೇಳಿಬಿಟ್ಟೆ. “ಅದ್ರಲ್ಲಿ ನನ್ನ ಬಗ್ಗೆ ಒಂದು ವಾಕ್ಯ ಇತ್ತಮ್ಮ. ಅದಕ್ಕೇ ಕಿತ್ಕೊಂಡಿದ್ದು.”

“ಯಾವ್ದು ಅಣ್ಣ?”

“ಬ್ರದರ್ ಭಾನುವಾರ ಬರ್ತಾನೆ ಅಂತ.”

ಅವಳು ಸೆರಗು ಇಳಿಸಿದಳು. ನೀರಿನ ತಟ್ಟೆಯನ್ನು ಸುಮ್ಮನೆ ಒಂದಿಷ್ಟು ಆಚೆ ಸರಿಸಿದಳು.

“ಹೇಳಮ್ಮ.”

“ಅದು ನನ್ನ ತಮ್ಮ ಅಣ್ಣ. ಮುರುಗ. ತರೀಕೆರೆಯಲ್ಲಿ ಗಾರೆ ಕೆಲಸ. ವಾರ ವಾರ ಬರ್ತಾನೆ. ಮೇಡಂ ನಮ್ಗೆ ಬರ್ಕೊಡೋ ವಾಕ್ಯ ಎಲ್ಲ ನಮ್ಮ ಮನೇದೇ. ಯಾರ್ಯಾರ ಮನೇಲಿ ಏನೇನು ಅಂತ ಕೇಳಿ ಕೇಳಿ ಬರೆಯೋರು. ಆಗ ಮರೆಯಲ್ಲ ಅನ್ನೋರು.”

ಕೇಳಿದೆ. “ನನ್ನ ಬಗ್ಗೆ ಏನಾದ್ರೂ?”

“ಮೇಡಂ ಅವ್ರ ಮನೆ ವಿಷಯ ಹೇಳ್ತಿರ್ಲಿಲ್ಲ ಅಣ್ಣ. ನಮ್ದೇ ಕೇಳೋರು.”

ನಾನು ಇಷ್ಟು ದಿನ ಬೆಳಿಗ್ಗೆ ಎದ್ದು ಯಾರ ಮುಂದೆ ನಿಂತು ಅತ್ತೆ? ತರೀಕೆರೆಯಿಂದ ವಾರ ವಾರ ತಪ್ಪದೆ ಬರುವ ಒಬ್ಬ ಮುರುಗನ ಮುಂದೆ. ವಾಕ್ಯ ನನ್ನದಾಗಿರಲಿಲ್ಲ. ಹೋಗದೇ ಇದ್ದ ಭಾನುವಾರಗಳು ಮಾತ್ರ ನನ್ನವೇ. ಅವಕ್ಕೆ ಪೆನ್ಸಿಲ್ ಹಿಡಿಯುವವರು ಈಗ ಯಾರೂ ಇಲ್ಲ.

ಸೆಲ್ವಿ ಟೀ ಮಾಡಿದಳು. ಕುಡಿದೆ. ಒದ್ದೆ ಹಾಳೆಯನ್ನು ಹೊಸ್ತಿಲಿನ ಬಿಸಿಲಿಗೆ ಇಟ್ಟು, ಹಾರದಂತೆ ನಾಲ್ಕು ಮೂಲೆಗೂ ಅಕ್ಕಿಯಿಂದ ಆರಿಸಿ ತೆಗೆದ ಕಲ್ಲುಗಳನ್ನಿಟ್ಟಳು. ಅಷ್ಟು ಸಣ್ಣ ಕಲ್ಲಿಗೆ ಹಾಳೆ ನಿಲ್ಲಲಿಲ್ಲ. ಆಮೇಲೆ ಅವಳೇ ನಕ್ಕು ಲೋಟಗಳನ್ನು ತಂದಿಟ್ಟಳು. ಒಣಗುವ ಮೊದಲೇ ಪಕ್ಕದಲ್ಲಿ ಕೂತು ಇನ್ನೊಂದು ಪುಸ್ತಕಕ್ಕೆ ನಕಲು ಮಾಡತೊಡಗಿದಳು. ಬೀಗವನ್ನೂ ಬರೆದಳು. ಅಕ್ಕನ ಬೀಗಕ್ಕಿಂತ ಚೆನ್ನಾಗಿತ್ತು.

ಉಳಿದ ನಾಲ್ಕು ಉತ್ತರಗಳನ್ನು ಯಾರು ತಿದ್ದುತ್ತಾರೆ ಎಂದು ಅವಳು ಕೇಳಲಿಲ್ಲ. ನನಗೆ ತಿದ್ದಲು ಬರುವುದಿಲ್ಲ. ಅದನ್ನು ನಾನೇ ಹೇಳಿದೆ, ನೇರವಾಗಿ. “ನಂಗೆ ಬರಲ್ಲಮ್ಮ.” ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಆದರೆ ಅವಳು ಕಾಯುತ್ತಾ ಕೂರಲಿಲ್ಲ. ಮಾರನೆಯ ದಿನವೇ ಅಂಗನವಾಡಿ ಟೀಚರಿಗೆ ತೋರಿಸಿದಳಂತೆ. ಮೂರು ಸರಿ, ಒಂದು ತಪ್ಪು.

ಪರೀಕ್ಷೆ ಮೊನ್ನೆ ಮುಗಿಯಿತು. ಫಲಿತಾಂಶ ಬಂದಿಲ್ಲ. ಆ ಫ್ರೇಮು ಈಗ ಅಂಗಡಿಯ ಮೂಲೆಯಲ್ಲಿ ಖಾಲಿ ನಿಂತಿದೆ. ಅದಕ್ಕೆ ಏನು ಹಾಕುತ್ತೀರಿ ಎಂದು ಮಂಗಳಾ ಕೇಳಿದಳು. ಏನೂ ಹಾಕುವುದಿಲ್ಲ ಎಂದೆ.

ಹೋದವರ ನೆನಪಿಗೆಂದು ನಿಮ್ಮ ಮನೆಯಲ್ಲೂ ಏನಾದರೂ ಇರುತ್ತದೆ. ಒಮ್ಮೆ ಅದರ ಬೆನ್ನು ನೋಡಿ. ನಮ್ಮ ದುಃಖ ಎಂದು ನಾವು ಎತ್ತಿಟ್ಟುಕೊಂಡಿರುವುದರಲ್ಲಿ ಬೇರೆಯವರದ್ದು ಎಷ್ಟಿದೆ?